ನೀರು ಕುಡಿದ ಕಲ್ಲು

ಕಡಯಂಪಟ್ಟಿ,
ಭಾನುವಾರ, 9 ನವೆಂಬರ್ 2025

ಅಮ್ಮಯ್ಯ ಸುಗುಣಾ,

ಹನೂರಿನಲ್ಲಿ ನೀನೂ, ಬೀಗರು ಮಹದೇವಣ್ಣನವರೂ, ಅವರ ಹಟ್ಟಿಯ ಕುರಿಮರಿಗಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮೊದಲು ನಿನ್ನ ಕಾಲಿನ ಸಮಾಚಾರ ತಿಳಿಸು. ಬೆರಳ ಸಂದಿನ ಹುಣ್ಣು ಒಣಗಿತೇ? ಹಿಮ್ಮಡಿಯ ಬಿರುಕು ಕೂಡಿಕೊಂಡಿತೇ? ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಲಿ ಎನ್ನುತ್ತಾಳೆ ನಿನ್ನ ಅತ್ತೆ ಮುತ್ಯಾಲಮ್ಮ. ಸಿಮೆಂಟ್ ನೀರು ತಿಂದ ಕಾಲಿಗೆ ಅದು ಆಗುತ್ತದೋ ಇಲ್ಲವೋ ನನಗೆ ತಿಳಿಯದು. ಡಾಕ್ಟರು ಕೊಟ್ಟ ಮುಲಾಮನ್ನು ಮಾತ್ರ ಬಿಡಬೇಡ. ಇಲ್ಲಿ ಎಲ್ಲರೂ ಕ್ಷೇಮ. ಮುತ್ಯಾಲಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿಗೆ ಯಾವ ನೋವೂ ಇಲ್ಲ. ನೀನು ನೆಟ್ಟ ನುಗ್ಗೆ ಸೊಂಟದೆತ್ತರ ಬಂದಿದೆ. ಪಕ್ಕದ ಮನೆಯ ಮೇಕೆಯ ಕಣ್ಣು ಅದರ ಮೇಲಿದೆ, ನನ್ನ ಕಣ್ಣು ಮೇಕೆಯ ಮೇಲಿದೆ.

ಫೋನು ಇರುವಾಗ ಈ ಮುದುಕ ಕಾಗದ ಬರೆಯುವುದೇಕೆ ಎಂದು ನೀನು ನಗಬಹುದು. ಫೋನು ಮಾಡಿದರೆ ನಿನ್ನ ಅತ್ತೆ ಕಸಿದುಕೊಳ್ಳುತ್ತಾಳೆ, ಅಳುತ್ತಾಳೆ, ಅಷ್ಟರಲ್ಲಿ ಚಾರ್ಜು ಮುಗಿಯುತ್ತದೆ. ನನ್ನ ಮಾತು ನನ್ನಲ್ಲೇ ಉಳಿಯುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ. ನನ್ನನ್ನು ಎಳೆಯದರಲ್ಲಿ ತಳಿ ಎಂಬ ಊರಿನ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು, ಅಲ್ಲಿ ಎಂಟನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದೆ. ನೀನು ಹನೂರಿನಲ್ಲಿ ಓದಿದವಳು. ನಿನ್ನ ಗಂಡ ಮೋಹನ್‌ರಾಜನಿಗೆ ಕನ್ನಡ ನಾಲಿಗೆಯ ಮೇಲಿದೆ, ಕಣ್ಣಿನಲ್ಲಿಲ್ಲ. ಅವನು ಓದಿದ್ದೆಲ್ಲ ತಮಿಳು. ಹೀಗಾಗಿ ನಿನಗೆ ಬರೆದದ್ದನ್ನು ನಾನು ಮೇಜಿನ ಮೇಲೆ ತೆರೆದಿಟ್ಟು ಊಟಕ್ಕೆ ಏಳಬಹುದು. ಅವನು ಬಂದು ನೋಡಿದರೂ ಜಿಲೇಬಿ ನೋಡಿದ ಹಾಗೆ ನೋಡಿ ಹೋಗುತ್ತಾನೆ.

ಇನ್ನು ಸಮಾಚಾರ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ತಾಯಿ ಪೆದ್ದಮ್ಮ ಕಥೆ ಹೇಳುವಾಗ ನೂರು ಸಲ ಕೇಳಿದ ರಾಜನನ್ನೂ ಹೊಸಬನಂತೆ ಪರಿಚಯ ಮಾಡಿಸುತ್ತಿದ್ದಳು. ಇನ್ನೊಂದು ನಿಯಮವಿತ್ತು ಅವಳದು. ಕೇಳುವವರು ನಡುನಡುವೆ ಹೂಂ ಅನ್ನಬೇಕು. ಅನ್ನದಿದ್ದರೆ ಅವಳ ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿಕೊಂಡು ಹಾಗೇ ನಿಂತುಬಿಡುತ್ತಿದ್ದ. ನೀನು ಅಲ್ಲಿ ಹೂಂ ಅನ್ನುತ್ತಿದ್ದೀಯೆಂದು ನಂಬಿಕೊಂಡು ಮುಂದೆ ಹೋಗುತ್ತೇನೆ.

ಓಮಲೂರು ರಸ್ತೆಯ ಲ್ಯಾಬಿನಲ್ಲಿ ನನ್ನ ಕೆಲಸ ಏನೆಂದು ನೀನು ಒಮ್ಮೆ ಕೇಳಿದ್ದೆ. ತೇಯುವ ಕೆಲಸ ಅಂದಿದ್ದೆ, ನೀನು ಗಂಧವೋ ಎಂದು ನಕ್ಕಿದ್ದೆ. ಹೆಚ್ಚು ಕಡಿಮೆ ಅದೇ. ಸಾಣೆಕಲ್ಲನ್ನು ಅಂಗಾತ ಮಲಗಿಸಿ ಕರೆಂಟಿನಲ್ಲಿ ತಿರುಗಿಸಿದ ಹಾಗೆ ಒಂದು ಕಬ್ಬಿಣದ ತಟ್ಟೆ. ಅದರ ಮೇಲೆ ಗರಗರ ಎನ್ನುವ ಪುಡಿ ಉದುರಿಸುತ್ತಾರೆ. ನೆಲಕ್ಕೆ ಹಾಸುವ ಕಲ್ಲು, ಟೈಲ್ಸು, ಪೇವರ್ ಬ್ಲಾಕು, ಏನು ಬಂದರೂ ಚೌಕವಾಗಿ ಒಂದು ತುಂಡು ಕೊಯ್ದು, ಒಲೆಯಲ್ಲಿ ಒಣಗಿಸಿ, ತೂಕ ಮಾಡಿ, ಮುಖ ಕೆಳಗೆ ಮಾಡಿ ಆ ತಟ್ಟೆಯ ಮೇಲಿಟ್ಟು, ತಲೆಯ ಮೇಲೆ ಭಾರ ಹೇರುತ್ತಾರೆ. ತಟ್ಟೆ ತಿರುಗುತ್ತದೆ. ಕೆಲವು ಸುತ್ತಾದ ಮೇಲೆ ನಿಲ್ಲಿಸಿ, ಒರೆಸಿ, ತುಂಡನ್ನು ಕಾಲು ಭಾಗ ತಿರುಗಿಸಿ ಮತ್ತೆ ಇಡುತ್ತಾರೆ, ಒಂದೇ ಕಡೆ ಪೆಟ್ಟು ಬೀಳಬಾರದಲ್ಲ. ಕಡೆಗೆ ಎಷ್ಟು ಸವೆಯಿತು ಎಂದು ಅಳೆಯುತ್ತಾರೆ. ಒಂದು ಅಂಗಳದಲ್ಲಿ ವರುಷಗಟ್ಟಲೆ ಜನ ನಡೆದಾಡಿದರೆ ಆಗುವುದನ್ನು ನಮ್ಮ ಮೆಷಿನ್ನು ಊಟದ ಹೊತ್ತಿನೊಳಗೆ ಮಾಡಿ ತೋರಿಸುತ್ತದೆ. ಯಾರ ಕಲ್ಲು ಎಂದು ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿರುವುದಿಲ್ಲ. ಕಲ್ಲಿನ ಮೇಲೆ ಒಂದು ನಂಬರು ಮಾತ್ರ ಇರುತ್ತದೆ. ಹೆಸರು ಇರುವುದು ಇಂಜಿನಿಯರ್ ಕಲೈವಾಣಿ ಮೇಡಂ ಹತ್ತಿರ.

ದೀಪಾವಳಿ ಕಳೆದ ವಾರ ಎರಡು ನಂಬರಿನ ಬ್ಲಾಕುಗಳು ಬಂದವು. ಆಮೇಲೆ ತಿಳಿದದ್ದು: ಕಾರಿಮಂಗಲದಲ್ಲಿ ಒಂದು ಶಾಲೆಯ ಅಂಗಳಕ್ಕೆ ಹಾಸುವುದಕ್ಕಂತೆ, ಕಂಟ್ರಾಕ್ಟರು ಕಳಿಸಿದ್ದು. ಒಂದು ಆಗಸ್ಟಿನಲ್ಲಿ ಹಾಕಿದ ಕಲ್ಲು, ಇನ್ನೊಂದು ಸೆಪ್ಟೆಂಬರಿನದು. ಕೈಗೆತ್ತಿಕೊಂಡು ಧೂಳು ಒರೆಸಿದರೆ, ಎರಡರ ಮೂಲೆಯಲ್ಲೂ ಹುಣಸೆಬೀಜದಷ್ಟು ಒಂದು ಉಬ್ಬು. ಮೋಹನ್‌ರಾಜ ಬ್ಲಾಕು ಹಾಕುವ ನಮ್ಮ ಶೆಡ್ಡಿನ ರಬ್ಬರ್ ಅಚ್ಚನ್ನು ಇಲಿ ಕಡಿದದ್ದು ನೆನಪಿದೆಯಲ್ಲ? ಆ ಇಲಿಗೆ ನೀನು ವಡೆ ಕಟ್ಟಿ ಬೋನು ಇಟ್ಟೆ, ವಡೆಯನ್ನು ಮೋಹನ್‌ರಾಜನೇ ತಿಂದ. ಆ ಇಲಿಯ ಹಲ್ಲಿನ ಗುರುತು ಓಮಲೂರು ರಸ್ತೆಯವರೆಗೆ ನಡೆದು ಬಂದಿತ್ತು.

ನಾನು ಮೇಡಂ ಹತ್ತಿರ ಹೋಗಿ, ಇದು ನಮ್ಮ ಮನೆಯ ಕಲ್ಲು ಅಂದೆ. ಆಕೆ ಕನ್ನಡಕದ ಮೇಲಿಂದ ನೋಡಿ, "ಅಪ್ಪಡೀನ್ನಾ ನೀಂಗ ತೊಡಾದೀಂಗ" ಎಂದರು. ಮುಟ್ಟಬೇಡಿ ಅಂದಮೇಲೆ ಮುಗಿಯಿತು. ಜೊತೆಗಾರ ಅಣ್ಣಾಮಲೈ ಮೆಷಿನ್ನಿಗೆ ನಿಂತ, ನಾನು ಪೊರಕೆ ಹಿಡಿದು ಪುಡಿ ಗುಡಿಸುತ್ತ ನಿಂತೆ. ಆಗಸ್ಟ್ ತಿಂಗಳ ಕಲ್ಲು ತಟ್ಟೆಯ ಮೇಲೆ ಕೂತು, ಹಳೆಯ ಗೌಡ ಪಂಚಾಯಿತಿಯಲ್ಲಿ ಕೂತ ಹಾಗೆ, ಏನು ಅಂದರೂ ಅಲುಗಲಿಲ್ಲ. ಗುಡಿಸಲು ನನಗೆ ಏನೂ ಉದುರಲಿಲ್ಲ. ಸೆಪ್ಟೆಂಬರಿನದು ಬೆಲ್ಲದ ಅಚ್ಚು ತುರಿದಂತೆ ಉದುರಿತು. ಅಣ್ಣಾಮಲೈ ಬೆರಳಿನಿಂದ ಅದರ ಮುಖ ಉಜ್ಜಿ, ಬೂದಿ ಬಂದ ಬೆರಳನ್ನು ನನಗೆ ತೋರಿಸಿದ. ಗೆದ್ದದ್ದೂ ನನ್ನ ಮಗನ ಕಲ್ಲು, ಸೋತದ್ದೂ ಅವನದೇ. ಅಂಥ ಕಾಳಗದಲ್ಲಿ ನೋಡುವವನು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

ಮರುದಿನವೇ ಮೋಹನ್‌ರಾಜ ಬೈಕು ಓಡಿಸಿಕೊಂಡು ಲ್ಯಾಬಿಗೆ ಬಂದ. ಹೆಲ್ಮೆಟ್ಟು ಕೂಡ ತೆಗೆದಿರಲಿಲ್ಲ. ನನ್ನನ್ನು ಕಂಡವನೇ, "ಒಂದೇ ಸಿಮೆಂಟು, ಒಂದೇ ಜಲ್ಲಿ, ಒಂದೇ ಕ್ರಷರ್ ಪುಡಿ. ಅಚ್ಚೂ ಅದೇ. ಒಂದು ಪಾಸು, ಒಂದು ಫೇಲು ಅಂದ್ರೆ ಎಂಗಪ್ಪಾ? ನಿಮ್ಮ ಮೆಷಿನ್‌ಗೇ ಜ್ವರ ಬಂದೈತೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಕಲಸುವಿಕೆಯಲ್ಲಿ ಮೋಸವಿಲ್ಲ, ಅದು ನಿನಗೂ ಗೊತ್ತು. ಮೇಡಂ ಅವನನ್ನು ಕೂರಿಸಿ ಎಲ್ಲ ಕೇಳಿದರು. ಸಿಮೆಂಟು ಯಾವುದು, ನೀರು ಎಷ್ಟು ಬೆರೆಸಿದೆ, ಅಚ್ಚಿನಿಂದ ಯಾವಾಗ ತೆಗೆದೆ. ಎಲ್ಲದಕ್ಕೂ ಪಟಪಟ ಉತ್ತರ ಬಂತು. ಕಡೆಗೆ ಆಕೆ, "ತಣ್ಣಿ ಯಾರು ಊತ್ತುನಾ?" ಎಂದರು. ಅಚ್ಚಿನಿಂದ ತೆಗೆದ ಮೇಲೆ ಕಲ್ಲಿಗೆ ನೀರು ಹಾಕಿದವರು ಯಾರು ಎಂದು. ಮೋಹನ್‌ರಾಜ ನನ್ನ ಮುಖ ನೋಡಿದ. ನಾನು ಪೊರಕೆಯ ಮುಖ ನೋಡಿದೆ. ಸಿಮೆಂಟು ಗಟ್ಟಿಯಾಗುವುದು ಒಣಗಿದ್ದರಿಂದಲ್ಲ, ನೀರು ಕುಡಿದದ್ದರಿಂದ, ಅದರಲ್ಲೂ ಕಾಲು ತಾಗುವ ಮೇಲ್ಮುಖ ಮೊದಲ ದಿನಗಳಲ್ಲಿ ಬಾಯಾರಿದರೆ ಆಮೇಲೆ ಎಷ್ಟು ಕುಡಿಸಿದರೂ ಬರುವುದಿಲ್ಲ ಎಂದು ಮೇಡಂ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅವನು ಹೆಲ್ಮೆಟ್ಟಿನೊಳಗೇ ತಲೆಯಾಡಿಸಿದ.

ಆಗಸ್ಟ್ ತಿಂಗಳಲ್ಲಿ ನೀರು ಹಾಕಿದವರು ಯಾರು ಎಂದು ಈ ಕಥೆ ಕೇಳುವ ಯಾರಿಗಾದರೂ ಈಗ ತಿಳಿದಿರುತ್ತದೆ. ಕಾಫಿಗೆ ಮೊದಲು ಒಂದು ಸಲ, ಅಡುಗೆ ಇಳಿಸಿ ಒಂದು ಸಲ, ಬಿಸಿಲು ತಗ್ಗಿದ ಮೇಲೆ ಒಂದು ಸಲ. ತಗಡಿನ ಶೆಡ್ಡಿನ ಕೆಳಗೆ ನೀನು ಬರಿಗಾಲಿನಲ್ಲಿ ಆ ಸುಣ್ಣದಂಥ ನೀರಿನೊಳಗೆ ನಿಂತು ಹೊಯ್ಯುತ್ತಿದ್ದೆ. ಮೇಲೆ ಹೊದಿಸಿದ ಗೋಣಿ ಒಣಗಿತೇ ಎಂದು ಅಂಗೈ ಇಟ್ಟು ನೋಡುತ್ತಿದ್ದೆ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ಗೌರಿ ಹಬ್ಬದ ಹಿಂದಿನ ವಾರ ನೀನು ಕೇಳಿದ್ದು ದೊಡ್ಡದೇನಲ್ಲ, ಕಾಲು ಉರಿಯುತ್ತದೆ, ನೀರು ಹಾಕಲು ಒಬ್ಬರನ್ನು ಇಡೋಣ ಎಂದು. ಮೋಹನ್‌ರಾಜ ಊಟದ ತಟ್ಟೆಯಿಂದ ತಲೆ ಎತ್ತದೆ, "ನೀರು ಉಯ್ಯೋದೂ ಒಂದು ಕೆಲಸಾನಾ? ಅದಕ್ಕೊಂದು ಆಳು ಬೇರೆ. ಮಳೆ ಬಂದ್ರೆ ಅದೇ ಉಯ್ತದೆ ಬುಡು" ಎಂದ. ನೀನು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಹಬ್ಬಕ್ಕೆಂದು ತವರಿಗೆ ಹೋದೆ. ಗೌರಿ ಹೋದಳು, ಗಣಪ ಮುಳುಗಿದ, ಆಯುಧಪೂಜೆಗೆ ಬೂದುಗುಂಬಳ ಒಡೆದರು, ದೀಪಾವಳಿ ಪಟಾಕಿಯೂ ಮುಗಿಯಿತು. ನೀನು ಬರಲಿಲ್ಲ. ಮಳೆಯೂ ತಗಡಿನ ಕೆಳಗೆ ನುಗ್ಗಿ ಬಂದು ನೀರು ಹೊಯ್ಯಲಿಲ್ಲ.

ಆಮೇಲಿನದು ಕೇಳು. ಸೆಪ್ಟೆಂಬರಿನ ಕಲ್ಲನ್ನೆಲ್ಲ ಕಂಟ್ರಾಕ್ಟರು ವಾಪಸು ತಂದು ಸುರಿದ. ಮೋಹನ್‌ರಾಜ ಅದನ್ನು ನಮ್ಮ ಬಾಗಿಲಿನಿಂದ ಬಚ್ಚಲಿನವರೆಗೆ ತಾನೇ ಹಾಸಿದ. ಈಗಲೇ ಕಾಲಿಗೆ ಬೂದಿ ಮೆತ್ತುತ್ತದೆ. ನಿನ್ನ ಅತ್ತೆ ದಿನವೂ ಅದರ ಮೇಲೆ ನಡೆದು, ದಿನವೂ ಬಯ್ಯುತ್ತಾಳೆ. ಶಾಲೆಗೆ ಹೊಸ ಕಲ್ಲು ಹಾಕಿದ್ದಾನೆ, ಅದಕ್ಕೆ ನೀರೂ ತಾನೇ ಹಾಕುತ್ತಾನೆ. ಮೊದಲ ದಿನ ಮೋಟಾರಿಗೆ ಪೈಪು ಸಿಕ್ಕಿಸಿ ಜೋರಾಗಿ ಬಿಟ್ಟ, ಹಸಿ ಕಲ್ಲಿನ ಮುಖವೆಲ್ಲ ತೊಳೆದುಹೋಯಿತು. ಮುತ್ಯಾಲಮ್ಮ ಹೊಸ್ತಿಲ ಮೇಲೆ ನಿಂತು, "ಏನ್ಲಾ, ಬೆಂಕಿ ಬಿದ್ದೈತಾ? ತೊಟ್ಟು ತೊಟ್ಟಾಗಿ ಆಕೋದು ಕಲಿ. ಅವಳು ಆಕ್ತಿದ್ದಾಗ ಕಣ್ಣು ಎಲ್ಲಿಟ್ಟಿದ್ದೆ?" ಎಂದಳು. ಎರಡನೆಯ ದಿನ ಗೋಣಿ ಹೊದಿಸಿದ, ಗೋಣಿ ನೆನೆಸುವುದನ್ನು ಮರೆತ. ಒಣ ಗೋಣಿ ಕಲ್ಲಿನ ನೀರನ್ನೇ ಕುಡಿದುಬಿಟ್ಟಿತು. ಈಗ ಪರವಾಗಿಲ್ಲ. ನಿನ್ನಷ್ಟು ನಯವಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಏಳುತ್ತಾನೆ. ಕಾಲಿಗೆ ಏನಾದರೂ ಹಾಕಿಕೋ ಎಂದು ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮೆಷಿನ್ನು ನಡೆಯುವಾಗ ನಡುವೆ ಕೈ ಹಾಕಬಾರದು ಎನ್ನುವುದು ಲ್ಯಾಬಿನ ಅಭ್ಯಾಸ.

ಇದನ್ನು ಓದಿ ನೀನು ಕೂಡಲೇ ಹೊರಟು ಬರಬೇಕೆಂದು ನಾನು ಬರೆಯುತ್ತಿಲ್ಲ. ನಡೆದದ್ದು ನಿನಗೆ ಗೊತ್ತಿರಲಿ, ಅಷ್ಟೇ. ನಿನ್ನ ಕೆಲಸ ಎಂಥದ್ದು ಎಂದು ಮಾವ ಹೊಗಳಿದರೆ ಅದು ಮನೆಯ ಮಾತು. ಮೆಷಿನ್ನಿಗೆ ನೀನು ಸೊಸೆಯಲ್ಲ, ಅದು ಯಾರ ಪರವೂ ಅಲ್ಲ.

ಮಹದೇವಣ್ಣನವರಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ತಾಯಿಗೆ, ಹೋದ ಸಲ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ ಮುಗಿಯಿತು ಎಂದು ತಿಳಿಸು, ಕೇಳಿದೆ ಎಂದು ಹೇಳಬೇಡ. ಮಾದಪ್ಪ ನಿನ್ನ ಕಾಲಿಗೆ ಹೊಸ ಚರ್ಮ ಕೊಡಲಿ, ಹೋದ ಕಡೆ ನೆಲ ತಣ್ಣಗಿರಲಿ.

ನಿನ್ನ ಮಾವ,
ದಾಸಪ್ಪ

ಮತ್ತೆ: ಅಂಟಿಸುವ ಮೊದಲು ನೆನಪಾಯಿತು. ಗುರುವಾರ ಮೋಹನ್‌ರಾಜ ಮೇಟೂರಿನಿಂದ ಬೆಟ್ಟದ ಬಸ್ಸು ಹತ್ತುತ್ತಾನೆ, ಮಧ್ಯಾಹ್ನಕ್ಕೆ ನಿಮ್ಮಲ್ಲಿರುತ್ತಾನೆ. ಕುಂಟುತ್ತ ಬಂದರೆ ಗಾಬರಿಯಾಗಬೇಡ, ಅವನಿಗೂ ಬೆರಳ ಸಂದು ತಿಂದುಹೋಗಿದೆ. ನಿನ್ನೆ ಸಂಜೆ ಜಗಲಿಯ ಮೇಲೆ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದ: "ಅಪ್ಪಾ, ಅವಳ್ಗೂ ಇಂಗೇ ಉರೀತಿತ್ತಾ?" ನನಗೇನು ಗೊತ್ತು, ಹೋಗಿ ಅವಳನ್ನೇ ಕೇಳು ಎಂದೆ. ಅದನ್ನು ಕೇಳುವುದಕ್ಕೇ ಬರುತ್ತಿದ್ದಾನೆ. ಸೇಲಂನಿಂದ ಎರಡು ಜೊತೆ ರಬ್ಬರ್ ಬೂಟು ತಂದಿದ್ದ, ಒಂದು ದೊಡ್ಡದು, ಒಂದು ನಿನ್ನ ಅಳತೆಯದು. ಚಿಕ್ಕದನ್ನು ನಾನು ಹಿಂದಕ್ಕೆ ಕೊಡಿಸಿದೆ. ಸೋಮವಾರದಿಂದ ನೀರು ಹಾಕಲು ಪೂಂಗೊಡಿ ಎಂಬ ಹೆಂಗಸು ಬರುತ್ತಾಳೆ, ಅವಳ ಅಳತೆಯ ಬೂಟು ಬಂದಿದೆ. ನೀನು ಬಂದರೂ ಆ ಶೆಡ್ಡಿಗೆ ಬರುವುದಿಲ್ಲ. ಬರದಿದ್ದರೂ ಪೂಂಗೊಡಿ ಇರುತ್ತಾಳೆ. ಅವನು ಕೇಳಿದಾಗ, ಸ್ವಲ್ಪ ಉರೀತಿತ್ತು ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ಮೊದಲಿನಿಂದ ಹೇಳು, ನಿಧಾನವಾಗಿ ಹೇಳು. ಈ ಸಲ ಹೂಂ ಅನ್ನುವ ಸರದಿ ಅವನದು. ಅವನು ಅನ್ನದಿದ್ದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸು, ವಾಪಸು ಬರುವ ಬಸ್ಸು ಸಂಜೆಗೂ ಒಂದಿದೆ.