ನಿನ್ನಣ್ಣ ಹಾಕಿದ ಬೀಗ

೧೪ನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ನಾದಿನಿಗೆ, ಅತ್ತಿಗೆಯ ತುಂಬು ಪ್ರೀತಿ.

ನಿಂತು ಓದುತ್ತಿದ್ದರೆ ಮೊದಲು ಕುಳಿತುಕೋ. ನಿನ್ನಣ್ಣ ಓಡಿಹೋಗಿರಲಿಲ್ಲ. ಹಾಗೆಂದು ಸರ್ಕಾರವೇ ಬರೆದು, ಮೊಹರು ಒತ್ತಿ, ನನ್ನ ಕೈಗೆ ಕೊಟ್ಟಿದೆ. ಬಾಂಬ್ ಸ್ಫೋಟದಲ್ಲಿ ತೀರಿಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು, ಪರಿಹಾರ ಮಂಜೂರಾಯಿತು. ನಾಲ್ಕು ವರ್ಷ ಅತ್ತೆ ಮನೆಯಲ್ಲಿ ‘ಓಡಿಹೋದವನ ತಂಗಿ’ ಅನ್ನಿಸಿಕೊಂಡೆಯಲ್ಲ, ಜೊತೆಗಿಟ್ಟಿರುವ ಆದೇಶದ ನಕಲನ್ನು ಎಲ್ಲರೂ ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದು. ಎರಡು ಸಲ ಓದಿದರೂ ತಪ್ಪಿಲ್ಲ.

ಪರಿಹಾರದ ಕಚೇರಿಯವರು ಪ್ರತಿ ಸಲವೂ ಹಾಡುತ್ತಿದ್ದ ರಾಗ ನಿನಗೆ ಗೊತ್ತೇ ಇದೆ. ನಿಮ್ಮ ಯಜಮಾನರು ಆ ಕಟ್ಟಡದಲ್ಲಿ ಇದ್ರು ಅನ್ನೋದಕ್ಕೆ ಏನಮ್ಮಾ ದಾಖಲೆ ಅಂತ. ಸ್ವಂತವಾಗಿ ಲಿಫ್ಟ್ ರಿಪೇರಿ ಮಾಡುತ್ತಿದ್ದವರಿಗೆ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು? ಅವರನ್ನು ಕೆಲಸಕ್ಕೆ ಕರೆಸುತ್ತಿದ್ದ ಆ ಕಟ್ಟಡದ ಕಾವಲುಗಾರನೂ ಅವತ್ತಿನ ಸ್ಫೋಟದಲ್ಲೇ ತೀರಿಹೋದ. ಗುರುತು ಹತ್ತದ ಒಂಬತ್ತು ಜನರನ್ನು ಒಟ್ಟಿಗೆ ಮಣ್ಣು ಮಾಡಿಬಿಟ್ಟಿದ್ದರು. ಮೇಲಿಂದ ಕಡತದೊಳಗಿನ ಯಾವುದೋ ಹಾಳು ಕಾಗದ ತೋರಿಸಿ, ಮನೆ ಬಿಟ್ಟು ಹೋಗಿದ್ದಾರೆ ಅಂತ ಇಲ್ಲೇ ಇದೆಯಲ್ಲ ಅನ್ನುತ್ತಿದ್ದರು. ನಾನು ಮಾತ್ರ ಒಂದು ದಿನವೂ ಅವರನ್ನು ಅನುಮಾನಿಸಲಿಲ್ಲ.

ಕಳೆದ ತಿಂಗಳು ಸ್ಪಾನರ್ ಮಾವ ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಗೇ ಹುಡುಕಿಕೊಂಡು ಬಂದರು. ನಿನ್ನಣ್ಣನಿಗೆ ಕೆಲಸ ಕಲಿಸಿದವರು, ನೆನಪಿದ್ದಾರಲ್ಲ. ಇಷ್ಟು ದಿನ ಮೊಹರು ಹಾಕಿ ಮುಚ್ಚಿದ್ದ ಆ ಕಟ್ಟಡದ ದುರಸ್ತಿ ಶುರುವಾಗಿ, ಹಳೆಯ ಲಿಫ್ಟ್ ಬಿಚ್ಚುವ ಕೆಲಸ ಅವರಿಗೆ ಸಿಕ್ಕಿತ್ತು. ಹಾಸಿಗೆ ಬಟ್ಟೆ ಮಡಚುತ್ತಿದ್ದ ನನ್ನ ಮುಂದೆ ನಿಂತು ತಾವೂ ಒಂದು ತುದಿ ಹಿಡಿದರು. ಆಮೇಲೆ, ಮೇಲಿನ ಮೋಟಾರ್ ಕೋಣೆಯಲ್ಲಿ ಅವನ ಬೀಗ ನೇತಾಡ್ತಾ ಇದೆ ಕಣಮ್ಮಾ ಅಂದರು.

ಲಿಫ್ಟಿನ ಕೆಳಗಿರುವ ಗುಂಡಿಗೆ ಇಳಿಯುವ ಮುಂಚೆ ಮೆಕ್ಯಾನಿಕ್ ಮೇಲೆ ಹೋಗಿ, ಕರೆಂಟಿನ ದೊಡ್ಡ ಸ್ವಿಚ್ ಆರಿಸಿ, ಅದಕ್ಕೆ ತನ್ನ ಸ್ವಂತ ಬೀಗ ಜಡಿಯುತ್ತಾನೆ. ಕೆಳಗೆ ಮನುಷ್ಯ ಇರುವಾಗ ಯಾರಾದರೂ ತಿಳಿಯದೆ ಸ್ವಿಚ್ ಹಾಕಿಬಿಟ್ಟರೆ ಕಥೆ ಮುಗಿಯಿತು. ಒಂದು ಕೀಲಿ ಅವನ ಜೇಬಿನಲ್ಲಿ, ಇನ್ನೊಂದು ಮನೆಯಲ್ಲಿ. ಮೇಲೆ ಬಂದು ಅವನೇ ಬೀಗ ತೆಗೆಯಬೇಕು. ಇನ್ನೊಬ್ಬರ ಬೀಗ ಮುರಿಯುವ ಮೆಕ್ಯಾನಿಕ್‌ಗೆ ಆ ಕಸುಬಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಗುತ್ತಿಗೆದಾರ ಕತ್ತರಿಸಿ ಬಿಸಾಕಿ ಅಂದನಂತೆ. ಸ್ಪಾನರ್ ಮಾವ, ಬೀಗದವನ ಮನೆಯವರು ಬರೋವರೆಗೂ ನಾನು ಕೈ ಹಚ್ಚಲ್ಲ ಅಂತ ಸಲಕರಣೆ ಚೀಲ ಕೆಳಗಿಟ್ಟು ಅದರ ಮೇಲೇ ಕುಳಿತರಂತೆ.

ಮನೆಯಲ್ಲಿ ನನ್ನ ಹೊಲಿಗೆ ಡಬ್ಬಿಯಲ್ಲಿದ್ದ ಆ ಇನ್ನೊಂದು ಕೀಲಿ ಹಿಡಿದು ನೇರ ಕಚೇರಿಗೆ ಹೋದೆ. ಹೊಸದಾಗಿ ಬಂದ ಅಧಿಕಾರಿ ಹೆಂಗಸು. ನನ್ನ ಮಾತು ಕೇಳಿದವರೇ ಜೀಪು ತರಿಸಿದರು. ಎಂಟು ಮಹಡಿ ನಡೆದೇ ಹತ್ತಿದೆವು. ಅಧಿಕಾರಿ ಮಹಡಿಗೊಂದು ಸಲ ಗೋಡೆ ಹಿಡಿದು ನಿಲ್ಲುತ್ತ, ಲಿಫ್ಟ್ ಓಡೋ ಕಾಲದಲ್ಲಿ ನಮ್ಮನ್ನ ಕರೀಬಾರದಿತ್ತಾ ಅಂದರು ಪಾಪ.

ಮೇಲೆ ಎಲ್ಲವೂ ಧೂಳು. ಸ್ವಿಚ್ಚಿಗೆ ಆ ಹಿತ್ತಾಳೆ ಬೀಗ. ಅಧಿಕಾರಿ, ಇದನ್ನ ಹಾಕಿ ಅವರು ಮರೆತು ಹೋಗಿರಬಹುದಲ್ವಾ ಅಂದರು. ಬೀಗ ಇದ್ದರೆ ಲಿಫ್ಟ್ ಓಡೋದೇ ಇಲ್ಲ ಮೇಡಂ ಅಂದೆ. ಅವತ್ತು ಹತ್ತು ಗಂಟೆಗೆ ಲಿಫ್ಟಿನಲ್ಲಿ ಇಳಿದೆವು ಅಂತ ಗಾಯಾಳುಗಳು ಹೇಳಿದ್ದು ನಿಮ್ಮ ಕಡತದಲ್ಲೇ ಇದೆ, ಬಾಂಬ್ ಸಿಡಿದದ್ದು ಹನ್ನೊಂದಕ್ಕೆ, ನಡುವೆ ಬೀಗ ಹಾಕಿ ಗುಂಡಿಗೆ ಇಳಿದವರು ಅದನ್ನು ತೆಗೆಯಲು ಮೇಲೆ ಬರಲೇ ಇಲ್ಲ ಅಂದೆ.

ಕೀಲಿ ಮೊದಲು ತಿರುಗಲಿಲ್ಲ. ಸ್ಪಾನರ್ ಮಾವ ಎರಡು ತೊಟ್ಟು ಎಣ್ಣೆ ಬಿಟ್ಟು, ಅವಸರ ಮಾಡಬೇಡಮ್ಮಾ ಅಂದರು. ಎರಡನೇ ಸಲಕ್ಕೆ ತೆರೆಯಿತು. ಅಧಿಕಾರಿ ಅಲ್ಲೇ ಧೂಳಿನ ಮೇಲೆ ಕುಳಿತು ಪಂಚನಾಮೆ ಬರೆದರು, ಮಾವ ಸಾಕ್ಷಿ ಹಾಕಿದರು. ನಾನು ನಿನ್ನಣ್ಣನ ಬೀಗ ಎದೆಗೊತ್ತಿಕೊಂಡು ಮನಸಾರೆ ಅತ್ತೆ, ಅಳುತ್ತಲೇ ನಕ್ಕೆ. ನಿನ್ನೆ ಆದೇಶ ಕೈಗೆ ಬಂತು. ಲಾಂಡ್ರಿಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಗೆದ್ದೆವು ಕಣೇ ಹುಡುಗಿ.

ಇಂತಿ, ತಲೆ ಎತ್ತಿಕೊಂಡು ಬೀದಿಯಲ್ಲಿ ನಡೆಯುತ್ತಿರುವ
ನಿನ್ನ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಆ ಹಾಳು ಕಾಗದ ಬರೆದವಳು ನಾನೇ. ಅವತ್ತು ಬೆಳಿಗ್ಗೆ ಜಗಳವಾಡಿ, ಇನ್ನು ಈ ಮನೆಗೆ ಕಾಲಿಡಲ್ಲ ಅಂದು ಅವರು ಹೋಗಿದ್ದರು. ಮಾರನೇ ದಿನ ಸಿಟ್ಟಿನಲ್ಲಿ ಠಾಣೆಗೆ ಹೋಗಿ, ಗಂಡ ಬಿಟ್ಟು ಓಡಿಹೋಗಿದ್ದಾರೆ ಅಂತ ಬರೆದುಕೊಟ್ಟೆ. ಎಂಟನೇ ದಿನ ಕಪಾಟು ತೆಗೆದರೆ ಒಂದು ಅಂಗಿಯೂ ಕಡಿಮೆಯಾಗಿರಲಿಲ್ಲ. ಅವರು ಮನೆ ಬಿಟ್ಟಿರಲಿಲ್ಲ, ಕೆಲಸಕ್ಕೆ ಹೋಗಿದ್ದರು ಅಂತ ಆಗ ತಿಳಿಯಿತು. ಅಷ್ಟರಲ್ಲಿ ನನ್ನ ಮಾತು ಊರೆಲ್ಲ ಸುತ್ತಿ ನಿನ್ನ ಅತ್ತೆ ಮನೆಗೂ ಮುಟ್ಟಿತ್ತು. ನಿನ್ನೆ ಅಧಿಕಾರಿ ಆ ಕಾಗದ ತೋರಿಸಿ, ಇದನ್ನೇನು ಮಾಡೋಣಮ್ಮಾ ಅಂದರು. ಪೆನ್ನು ಇಸಿದುಕೊಂಡು ಅದರ ಕೆಳಗೇ ಬರೆದೆ: ‘ಮೇಲಿನದು ಸುಳ್ಳು. ನನ್ನ ಗಂಡ ಕೆಲಸದಲ್ಲಿದ್ದರು.’ ರುಜು ಹಾಕಿದೆ. ನಿನಗೆ ಬೈಯಬೇಕೆನಿಸಿದರೆ, ಬಾ, ಎದುರಿಗೆ ಕುಳಿತು ಬೈ.