ಪೂಜೆಯ ಗಾಡಿಗೆ ಕೆಂಪು ಎಣ್ಣೆ

ಐಂಡ್‌ಹೋವನ್
ಸೋಮವಾರ, ೧೪ ಅಕ್ಟೋಬರ್ ೨೦೨೪

ಚಿ. ಸೌ. ಶಾಂತಾದೇವಿಗೆ, ಏಳು ಸಮುದ್ರದಾಚೆ ಕೂತಿರುವ ನಿನ್ನ ಯಜಮಾನ ಈಶ್ವರಪ್ಪನ ಆಶೀರ್ವಾದ.

ಮೊದಲು ನಿನ್ನ ಆರೋಗ್ಯ ತಿಳಿಸು. ಬಿ.ಪಿ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯೋ, ನೆನಪಾದಾಗ ತೆಗೆದುಕೊಳ್ಳುತ್ತಿದ್ದೀಯೋ? ವಿಜಯಾಳಿಗೆ ಎಂಟನೇ ತಿಂಗಳು ನಡೆಯುತ್ತಿದೆ, ಕಾಲಿನ ಬಾವು ಇಳಿಯಿತೇ? ಹೆರಿಗೆಗೆ ಬಂದ ಮಗಳನ್ನು ಗದಗದಲ್ಲಿ ಬಿಟ್ಟು ನಿನಗೆ ಇಲ್ಲಿಗೆ ಬರಲಾಗಲಿಲ್ಲ, ಅದು ಸರಿಯೇ. ಆದರೆ ನೀನಿದ್ದಿದ್ದರೆ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದೆ, ಇದೆಲ್ಲ ಆಗುತ್ತಲೇ ಇರಲಿಲ್ಲ. ಹಾಗಾಗಿ ತಪ್ಪಿನಲ್ಲಿ ನಿನ್ನದೂ ನಾಲ್ಕಾಣೆ ಪಾಲು ಇದೆ ಎಂದುಕೊ. ನಾನು ಗಟ್ಟಿಯಾಗಿದ್ದೇನೆ. ಮನೆಯೊಳಗೂ ಮಂಕಿ ಕ್ಯಾಪ್ ಹಾಕಿಕೊಂಡು ಕೂರುವುದನ್ನು ಕಂಡು ಮೊಮ್ಮಗಳು ಹಿತಾ ದಿನಕ್ಕೆ ಹತ್ತು ಸಲ ನಗುತ್ತಾಳೆ.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರ ಯಾಕೆ ಎಂದು ಕೇಳುತ್ತೀ. ಇಲ್ಲಿ ನಿನ್ನ ಮಗಳು ಸೌಜನ್ಯಾ ಫೋನನ್ನು ಬೇಳೆ ಡಬ್ಬಿಗೆ ಒರಗಿಸಿ ಇಡುತ್ತಾಳೆ, ನಾನು ಕೆಮ್ಮಿದರೂ ಮನೆಮಂದಿಗೆಲ್ಲ ಕೇಳುತ್ತದೆ. ಇದು ಮಗಳಿಗೂ ಅಳಿಯನಿಗೂ ಗೊತ್ತಿಲ್ಲದ ವಿಷಯ. ನನ್ನಿಂದ ಒಂದು ತಪ್ಪಾಗಿದೆ. ಅದು ತಪ್ಪು ಹೇಗಾಯಿತು ಎಂಬುದು ಮಾತ್ರ ಇನ್ನೂ ನನ್ನ ತಲೆಗೆ ಹೋಗುತ್ತಿಲ್ಲ.

ಅಳಿಯ ಸುಜಯನ ಗೆಳೆಯ ಕಿಶನ್ ಎಂಬವನು ಹೋದ ತಿಂಗಳು ಸಂಸಾರ ಸಮೇತ ಬೆಂಗಳೂರಿಗೆ ವಾಪಸಾದ. ಇಲ್ಲಿ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಊರಿಗೆ ಹೊರಟವರು ಮನೆಯಲ್ಲಿ ಉಳಿದದ್ದನ್ನೆಲ್ಲ ಇಲ್ಲಿರುವವರಿಗೆ ಹಂಚಿ ಹೋಗುತ್ತಾರೆ. ನಮ್ಮ ಪಾಲಿಗೆ ಅರ್ಧ ಚೀಲ ಸೋನಾ ಮಸೂರಿ, ಇಡ್ಲಿ ತಟ್ಟೆ, ಒಂದು ಡಬ್ಬಿ ಹುಣಸೆಹಣ್ಣು ಬಂದವು, ಜೊತೆಗೆ ಎರಡು ದೊಡ್ಡ ಕ್ಯಾನಿನ ತುಂಬ ಕೆಂಪು ಎಣ್ಣೆ! ಕಿಶನ್ ಇದ್ದದ್ದು ಗಡಿಯಾಚೆ, ಬೆಲ್ಜಿಯಂನ ಒಂದು ಹಳ್ಳಿಯಲ್ಲಿ. ಅಲ್ಲಿ ಮನೆ ಬೆಚ್ಚಗಿಡಲು ಎಣ್ಣೆ ಉರಿಸುತ್ತಾರೆ, ಹಿತ್ತಿಲಲ್ಲೇ ಟ್ಯಾಂಕ್ ಇರುತ್ತದೆ. ತಾನು ತುಂಬಿಸಿದ ಎಣ್ಣೆಯನ್ನು ಮನೆ ಮಾಲೀಕನಿಗೆ ಯಾಕೆ ಬಿಡಬೇಕೆಂದು ಕ್ಯಾನಿಗೆ ಇಳಿಸಿ ತಂದುಕೊಟ್ಟ. ನಮ್ಮ ಮನೆ ಗ್ಯಾಸಿನಲ್ಲಿ ಕಾಯುತ್ತದೆ, ಎಣ್ಣೆ ಯಾವುದಕ್ಕೂ ಬೇಡ. 'ಹಬ್ಬ ಮುಗೀಲಿ, ಮಿಲಿಯೂಸ್ಟ್ರಾಟ್‌ಗೆ ಹಾಕ್ಬಿಟ್ ಬರ್ತೀನಿ' ಎಂದ ಸುಜಯ್. ಅದು ಹಳೇ ಪೇಂಟು, ಬ್ಯಾಟರಿ ಒಪ್ಪಿಸಿ ಬರುವ ಕಸದ ಜಾಗ. ಎಸೆಯುವುದರಲ್ಲಿ ನಮ್ಮ ಅಳಿಯ ನಿಸ್ಸೀಮ, ನಿನ್ನೆಯ ಅನ್ನವನ್ನೂ ಬಿಡುವುದಿಲ್ಲ.

ನಾನು ಮುಚ್ಚಳ ತೆಗೆದು ಮೂಸಿದೆ. ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿದವನಿಗೆ ಡೀಸೆಲ್ಲಿನ ಗುರುತು ಸಿಗದೇ? ಮರುದಿನ ಆಯುಧ ಪೂಜೆ. ಖಾಲಿ ಹೊಟ್ಟೆಯ ಗಾಡಿಗೆ ಪೂಜೆ ಮಾಡಬಾರದೆಂದು ಡಿಪೋದಲ್ಲಿ ಹಿಂದಿನ ದಿನವೇ ಎಲ್ಲ ಬಸ್ಸುಗಳ ಟ್ಯಾಂಕ್ ತುಂಬುತ್ತಿದ್ದೆವು, ನಿನಗೆ ಗೊತ್ತಲ್ಲ. ಸುಜಯನದು ಹಳೇ ಡೀಸೆಲ್ ಕಾರು, ಮುಳ್ಳು ತಳಕ್ಕೆ ಬಂದಿತ್ತು. ಗುರುವಾರ ಮಧ್ಯಾಹ್ನ ಸೌಜನ್ಯಾ ಆಫೀಸಿನಲ್ಲಿದ್ದಳು, ಅಳಿಯ ಮಹಡಿಯ ಮೇಲೆ ಲ್ಯಾಪ್‌ಟಾಪಿನ ಮುಂದೆ. ನನ್ನ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಸೋಸಿ ಸೋಸಿ ಎರಡೂ ಕ್ಯಾನನ್ನು ಟ್ಯಾಂಕಿಗೆ ಸುರಿದೆ. ಮರುದಿನ ಕಾರಿಗೆ ವಿಭೂತಿ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಡೀಸೆಲ್ ಗಂಡ ಹಾಕಿಸಿದ್ದಾನೆಂದು ಹೆಂಡತಿ, ಹೆಂಡತಿ ಹಾಕಿಸಿದ್ದಾಳೆಂದು ಗಂಡ ತಿಳಿದುಕೊಂಡಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ವಿಜಯದಶಮಿಗೆ ವೂರ್‌ಬರ್ಗ್‌ನಲ್ಲಿರುವ ಅರ್ಜುನ್ ಎಂಬ ಪರಿಚಯದವರ ಮನೆಗೆ ಬನ್ನಿ ಕೊಡಲು ಹೊರಟೆವು. ಬನ್ನಿ ಎಲೆ ಇಲ್ಲಿ ಎಲ್ಲಿ ಸಿಗಬೇಕು, ಹಿತಾ ಕಾಗದದಲ್ಲೇ ಕತ್ತರಿಸಿದ್ದಳು. ದಾರಿಯಲ್ಲಿ ಸುಂಕದ ಇಲಾಖೆಯವರು ಡೀಸೆಲ್ ಗಾಡಿಗಳನ್ನು ಪಕ್ಕಕ್ಕೆ ಹಾಕಿಸಿ ಟ್ಯಾಂಕ್ ನೋಡುತ್ತಿದ್ದರು. ಬಾಗಿಲೆತ್ತರದ ಒಬ್ಬ ಅಧಿಕಾರಿ, ಬಹಳ ಮರ್ಯಾದಸ್ಥ, ಸಣ್ಣ ನಳಿಗೆ ಇಳಿಬಿಟ್ಟು ಗಾಜಿನ ಶೀಶೆಗೆ ಒಂದಿಷ್ಟು ಎಳೆದು ಬೆಳಕಿಗೆ ಹಿಡಿದ. ನಾಚಿಕೆ ಬಿಟ್ಟು ಹೇಳುತ್ತೇನೆ ಶಾಂತಾ, ನನಗೆ ಮೊದಲು ಆದದ್ದು ಹೆಮ್ಮೆ. ಒಂದು ಹನಿ ನೀರಿಲ್ಲ, ಒಂದು ಚೂರು ಕಸವಿಲ್ಲ, ಅಷ್ಟು ಚೆನ್ನಾಗಿ ಸೋಸಿದ್ದೆ. ಆಮೇಲೆ ಅಧಿಕಾರಿಯ ಮುಖ ನೋಡಿದೆ. ಅವನು ಸುಜಯನಿಗೆ ಡಚ್ಚಿನಲ್ಲಿ ಏನೋ ಕೇಳಿದ. ಸುಜಯ್ ಶೀಶೆ ನೋಡಿದ, ನೆಲ ನೋಡಿದ, ನನ್ನ ಕಡೆ ತಿರುಗಲಿಲ್ಲ. ಕಾರನ್ನು ಅವರೇ ಇಟ್ಟುಕೊಂಡರು, ನಾವು ರೈಲಿನಲ್ಲಿ ಮನೆಗೆ ಬಂದೆವು.

ಬರುವಾಗ ಅಳಿಯ ವಿವರಿಸಿದ. ಮನೆ ಕಾಯಿಸುವ ಎಣ್ಣೆಗೆ ರಸ್ತೆಯ ಡೀಸೆಲ್ಲಿನಷ್ಟು ತೆರಿಗೆ ಇಲ್ಲ, ಕದ್ದು ಗಾಡಿಗೆ ಹಾಕಿದರೆ ಸಿಕ್ಕಿಬೀಳಲಿ ಎಂದೇ ಅದಕ್ಕೆ ಕೆಂಪು ಬೆರೆಸುತ್ತಾರೆ. ನಮ್ಮ ರೇಷನ್ ಅಂಗಡಿಯ ಚಿಮಣಿ ಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದದ್ದೂ ಇದಕ್ಕೇ ಅಲ್ಲವೇ? ಅದನ್ನು ಡೀಸೆಲ್ಲಿಗೆ ಬೆರೆಸಿದ ಡ್ರೈವರನನ್ನು ಹಿಡಿದುಕೊಟ್ಟವನೇ ನಾನು. ಆದರೆ ಚಿಮಣಿ ಎಣ್ಣೆ ಬೇರೆ, ಡೀಸೆಲ್ ಬೇರೆ, ಬೆರೆಸಿದರೆ ಪಂಪು ಹಾಳಾಗುತ್ತದೆ. ಇಲ್ಲಿ ಒಲೆಯಲ್ಲಿ ಉರಿಯುವುದೂ ಅದೇ, ಎಂಜಿನ್ನಿನಲ್ಲಿ ಉರಿಯುವುದೂ ಅದೇ. ಕಾರು ಹೂವಿನ ಹಾಗೆ ಓಡಿತು! ಎಂಜಿನ್ನಿಗೆ ಇಲ್ಲದ ತಕರಾರು ಸರಕಾರಕ್ಕೆ ಯಾಕೆ ಎನ್ನುತ್ತೇನೆ, ಮರುಗಳಿಗೆಗೆ ಆ ಡ್ರೈವರನ ಮುಖ ಕಣ್ಣ ಮುಂದೆ ಬರುತ್ತದೆ. ಮೂರು ದಿನದಿಂದ ಇದೇ ಗಾಣ ಸುತ್ತುತ್ತಿದ್ದೇನೆ.

ಎಣ್ಣೆ ಹಾಕಿದವರು ಯಾರೆಂದು ಈ ಗುರುವಾರದೊಳಗೆ ಬರೆದು ಕೊಡಬೇಕಂತೆ. ಅಳಿಯನ ಕಾಯಂ ವಾಸದ ಅರ್ಜಿ ಸರಕಾರದ ಮುಂದಿದೆ. ಇದರಿಂದ ಅದಕ್ಕೆ ತೊಂದರೆ ಆಗುತ್ತದೆ ಎಂದು ಒಬ್ಬರು, ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಸೌಜನ್ಯಾ ಗಂಡನನ್ನೇ ಹಿಡಿದುಕೊಂಡಿದ್ದಾಳೆ. 'ಕ್ಯಾನ್ ಖಾಲಿ ಅದಾವ, ನೀನಽ ಹಾಕಿದ್ದು, ಖರೇ ಹೇಳು' ಎಂದು ನನ್ನೆದುರಿಗೇ ಕೇಳಿದಳು. ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಮಗಳ ಮುಂದೆ ಕಳ್ಳನ ಹಾಗೆ ರೊಟ್ಟಿ ಮುರಿದುಕೊಂಡು ಕೂತಿದ್ದೆ, ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ವಿಜಯಾಳಿಗೆ ಭಾರ ಎತ್ತಲು ಬಿಡಬೇಡ. ಅವಳಿಗೂ ಹೊಟ್ಟೆಯಲ್ಲಿರುವ ಕೂಸಿಗೂ ನನ್ನ ಆಶೀರ್ವಾದ. ಓಣಿಯವರು ಕೇಳಿದರೆ ಆರಾಮ ಇದ್ದಾರೆಂದಷ್ಟೇ ಹೇಳು.

ನಿನ್ನ,
ಈಶ್ವರಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ, ಅವಸರದಲ್ಲಿ. ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ಸುಜಯನಿಗೆ 'ಎಣ್ಣಿ ಹಾಕಿದಾಂವ ನಾನಪಾ' ಎಂದುಬಿಟ್ಟೆ. 'ಗೊತ್ತು ಮಾವ' ಎಂದ! ಅವತ್ತು ಮಹಡಿ ಕಿಟಕಿಯಿಂದ ಎಲ್ಲ ನೋಡಿದ್ದನಂತೆ. ಹಾಗಾದರೆ ತಡೆಯಲಿಲ್ಲ ಯಾಕೆ ಎಂದೆ. 'ನೀವು ಬಂದು ಎರಡು ತಿಂಗ್ಳಾಯ್ತು ಮಾವ, ಹಾಡ್ಕೊಂಡು ಕೆಲ್ಸ ಮಾಡಿದ್ದು ಅವತ್ತೊಂದೇ ದಿನ. ಒಂದ್ ಟ್ಯಾಂಕ್ ತಾನೆ, ಯಾರ್ ನೋಡ್ತಾರೆ ಅಂದ್ಕೊಂಡೆ' ಎಂದ. ತಾನೇ ಹಾಕಿದ್ದೆಂದು ಬರೆದು, ಸಹಿ ಮಾಡಿ, ನಿನ್ನೆಯೇ ಕಳಿಸಿಬಿಟ್ಟಿದ್ದಾನೆ. 'ನೀವು ವಿಸಿಟರ್ ವೀಸಾದಲ್ಲಿದ್ದೀರ, ನಿಮ್ ಹೆಸ್ರು ಬಂದ್ರೆ ಮತ್ತೆ ವೀಸಾ ಕೊಡ್ದೇ ಇರ್ಬಹುದು. ಮುಂದಿನ್ ಸಲ ಅತ್ತೇನೂ ಕರ್ಕೊಂಡು ಬರ್ಬೇಕಲ್ವಾ' ಎಂದ. ಅನ್ನ ಎಸೆಯುತ್ತಾನೆಂದು ಎರಡು ತಿಂಗಳು ಮನಸ್ಸಿನಲ್ಲೇ ಬೈದುಕೊಂಡ ಹುಡುಗ, ಶಾಂತಾ. ಈಗ ನಾನು ನಿಜ ಹೇಳಿದರೆ ಅವನ ಸಹಿ ಸುಳ್ಳಾಗುತ್ತದೆ, ಸುಮ್ಮನಿದ್ದರೆ ನನ್ನ ತಪ್ಪು ಅವನ ಹೆಸರಿಗೆ ಅಂಟುತ್ತದೆ. ಯಾವುದು ಸರಿಯೋ ತಿಳಿಯದು, ಆದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಗುರುವಾರ ಅವನನ್ನು ಕಚೇರಿಗೆ ಕರೆದಿದ್ದಾರೆ, ನಾನೂ ಜೊತೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವನಿಗೆ ಇನ್ನೂ ಹೇಳಿಲ್ಲ. ಈ ಪತ್ರದ ಹಿಂದೆಯೇ ನಾನೂ ಬಂದು ಬಾಗಿಲಲ್ಲಿ ನಿಂತರೆ, ಯಾಕೆ ಬಂದಿರಿ ಎಂದು ಕೇಳಬೇಡ. ಅಳಿಯನಿಗೆ ಫೋನ್ ಮಾಡಿ, ಮಾವ ಮುಟ್ಟಿದರು ಎಂದು ನೀನೇ ಹೇಳು.