ಮಾರಾಟಕ್ಕೆ ಸಿಂಗರಿಸಿದ ಮನೆ

ಜನವರಿ 9

ದಿಂಬಿನ ಕವರು ಹನ್ನೆರಡು, ಪರದೆ ನಾಲ್ಕು — ಇಸ್ತ್ರಿ ಆಯ್ತು. ಎಂಟಕ್ಕೇ ಬ್ರೋಕರ್ ಫೋನು. ಹೋದ ತಿಂಗಳು ನಾನು ಸಜ್ಜು ಮಾಡಿಕೊಟ್ಟ ಮನೆ ಮಾರಾಟವಾಯ್ತಂತೆ. ವರ್ಷದಿಂದ ಖಾಲಿ ಬಿದ್ದಿತ್ತು, ಒಬ್ಬರೂ ಮೂಸಿರಲಿಲ್ಲ. ಬಾಡಿಗೆ ಸೋಫಾ, ಬಾಡಿಗೆ ಮಂಚ, ಎರಡು ದೀಪ ಇಟ್ಟೆ ಅಷ್ಟೆ. ನೋಡಲು ಬಂದ ಹೆಂಗಸು ಆಗಲೇ ತನ್ನ ಬೀರು ಎಲ್ಲಿಡೋದು ಅಂತ ಅಳತೆ ತೆಗೆಯುತ್ತಿದ್ದಳಂತೆ.

ಇದು ಎರಡನೇ ಮನೆ. ಮನೆಯವರು ಕೊಟ್ಟದ್ದರಲ್ಲಿ ಅರ್ಧ ಬಾಡಿಗೆ ಅಂಗಡಿಯವನೇ ನುಂಗಿದ. ಸಾಮಾನು ಸ್ವಂತದ್ದಾದರೆ ಪೂರ್ತಿ ನನಗೇ. ಸಾಲ ತೆಗೆಯಬೇಕು.

ಜನವರಿ 17

ಬ್ಯಾಂಕ್. ಸಾಲದ ಮೇಡಂ ನಗುವನ್ನು ಲಾಕರಿನಲ್ಲಿ ಇಟ್ಟು ಬಂದಿದ್ದಳು. ನನ್ನ ಪಟ್ಟಿ ಓದಿದಳು — ಐದು ಮನೆಗಾಗುವ ಸಾಮಾನು, ಗೋದಾಮು, ವ್ಯಾನು.

"ನಿಮಗೆ ದುಡ್ಡು ಬರೋದು ಯಾವಾಗ?"

"ಮನೆ ಮಾರಾಟ ಆದ್ಮೇಲೆ."

"ಆರು ತಿಂಗಳು ಒಂದು ಮನೇನೂ ಮಾರಾಟ ಆಗ್ಲಿಲ್ಲ ಅಂದ್ರೆ? ಕಂತು ಯಾವುದ್ರಿಂದ ಕಟ್ತೀರಿ?"

ಶುರುವಿನಲ್ಲೇ ಅಪಶಕುನ!

"ಒಂದು ಮನೆಗೆ ಆಗೋಷ್ಟು ಸಾಲ ತಗೊಳ್ಳಿ. ಉಳಿದದ್ದು ಬಾಡಿಗೆಗೇ ತನ್ನಿ. ಮನೆಯವರ ಹತ್ರ ಅರ್ಧ ದುಡ್ಡು ಮೊದಲೇ ಈಸ್ಕೊಳ್ಳಿ. ಇಲ್ಲ, ಇಷ್ಟೂ ಬೇಕೇ ಬೇಕು ಅಂದ್ರೆ ಅಡ ಇಡೋಕೆ ಏನಾದ್ರೂ ತರಬೇಕಾಗತ್ತೆ."

ಮೈಯೆಲ್ಲಾ ಉರಿದುಹೋಯ್ತು. ಒಂದು ಮನೆಯ ಸಾಮಾನಂತೆ. ಬೊಂಬೆ ಮನೆ ಆಟ ಆಡಲಾ?

ಜನವರಿ 18

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಮೇಡಮ್ಮನನ್ನು ಬೈಯಲು ಹೋದದ್ದು, ಆಣೆಗೂ ಬೇರೇನಿಲ್ಲ. ಅಕ್ಕ ರಾತ್ರಿ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಿದ್ದಳು. ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿ ನಿಂತ ಕಾಲು. ಆ ನರ್ಸ್ ಸಂಬಳದಲ್ಲೇ ಈ ಎರಡು ಕೋಣೆ ಕಟ್ಟಿಸಿದ್ದು, ನನ್ನನ್ನು ಓದಿಸಿದ್ದು. ಎಲ್ಲಾ ಕೇಳಿಸಿಕೊಂಡು ಒದ್ದೆ ಕಾಲಲ್ಲೇ ಒಳಗೆ ಹೋದಳು. ಮನೆ ಪತ್ರ ತಂದು ನನ್ನ ಮಡಿಲಲ್ಲಿಟ್ಟಳು.

"ಪೆಟ್ಟಿಗೇಲಿ ಸುಮ್ನೆ ಬಿದ್ದಿದೆ ಪುಟ್ಟೀ. ನಿನಗಾದ್ರೂ ಉಪಯೋಗಕ್ಕೆ ಬರ್ಲಿ."

ಬೇಡ ಅಂದೆ. ಅಂದೆ ತಾನೆ? ಅಂದಿರಬೇಕು.

ಫೆಬ್ರವರಿ 21

ಸಹಿ ಆಯ್ತು. ಮೇಡಂ ನನ್ನನ್ನು ಬಿಟ್ಟು ಅಕ್ಕನನ್ನೇ ಕೇಳಿದಳು — "ನಿಮಗೆ ಪೂರ್ತಿ ಅರ್ಥ ಆಗಿದ್ಯಾ?" ಅಕ್ಕ: "ನನ್ನ ತಂಗಿ ಅರ್ಥ ಆಗಿದಾಳೆ, ಸಾಕು." ಉಬ್ಬಿಹೋದೆ.

ಸೋಫಾ ಐದು, ಮಂಚ ಐದು, ಕನ್ನಡಿ ಎಂಟು. ಮಂಚ ಒಂದು ಗೇಣು ಗಿಡ್ಡ ಮಾಡಿಸಿದೆ, ಕೋಣೆ ದೊಡ್ಡದು ಕಾಣಲಿ ಅಂತ. ಮಲಗುವವರು ಯಾರಿದ್ದಾರೆ!

ಮೇ 11

ಐದೂ ಮನೆ ಸಿಂಗರಿಸಿಕೊಂಡು ಕೂತಿವೆ. ಗಂಡು ಬರುತ್ತಿಲ್ಲ.

ಮಾರ್ಕೆಟ್ ಮಲಗಿದೆ ಅನ್ನುತ್ತಾನೆ ಬ್ರೋಕರ್. ಸಾಮಾನೆಲ್ಲಾ ಆ ಮನೆಗಳೊಳಗೇ ಸಿಕ್ಕಿಕೊಂಡಿದೆ, ಹೊಸ ಕೆಲಸ ಒಪ್ಪಿದರೂ ಇಡಲು ಒಂದು ಕುರ್ಚಿಯಿಲ್ಲ. ಮುಂಗಡ ಕೇಳಿದರೆ ಮನೆಯವರು "ಮಾರಾಟ ಆದ್ಮೇಲೆ ಅಂತಲ್ವಾ ನೀವೇ ಬರೆದಿದ್ದು?" ಅಂತಾರೆ. ಹೌದು. ನಾನೇ ಬರೆದದ್ದು.

ಈ ತಿಂಗಳ ಕಂತು ಅಕ್ಕನ ಸಂಬಳದಲ್ಲಿ ಹೋಯ್ತು. ಹೋದ ತಿಂಗಳದ್ದೂ.

ಆಗಸ್ಟ್ 3

ಅಕ್ಕನ ಸಂಬಳವೂ ಸಾಲದೆ ಎರಡು ಕಂತು ತಪ್ಪಿತ್ತು. ಬ್ಯಾಂಕಿನ ನೋಟೀಸು. ಅಕ್ಕನ ಹೆಸರಿಗೆ.

ಆಗಸ್ಟ್ 5

ಎರಡು ಮನೆಯವರು ಬೇಸತ್ತು ಸಾಮಾನು ವಾಪಸ್ ಕಳಿಸಿದರು. ಹಳೇ ಸಾಮಾನಿನವನು ಕೊಂಡ ಬೆಲೆಯ ಕಾಲು ಭಾಗಕ್ಕೆ ಕೇಳಿದ. ಅಷ್ಟಕ್ಕೆ ಎಲ್ಲಾ ಮಾರಿದರೂ ಸಾಲದ ಅಂಚೂ ಮುಟ್ಟುವುದಿಲ್ಲ.

ಅಕ್ಕನೂ ನಾನೂ ಮೇಡಂ ಹತ್ತಿರ ಹೋದೆವು. "ನಾನು ಹೇಳಿದ್ದೆ" ಅಂತ ಒಂದು ಮಾತು ಅಂದಿದ್ದರೆ ಜಗಳವಾಡುತ್ತಿದ್ದೆ. ಅನ್ನಲಿಲ್ಲ. ನೀರು ತರಿಸಿಕೊಟ್ಟಳು. "ಹರಾಜಿನವರೆಗೆ ಬಿಡ್ಬೇಡಿ ಅಮ್ಮಾ. ನೀವೇ ಮಾರಿದ್ರೆ ಕೈಗೆ ನಾಲ್ಕು ಕಾಸು ಉಳಿಯತ್ತೆ."

ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ತಿರುಗಿಕೊಂಡೇ ಅಂದಳು — "ಮಾರೋದೇ ಆದ್ರೆ ನೀನೇ ಸಜ್ಜು ಮಾಡು. ನಿನ್ನ ಕೈ ಚೆನ್ನಾಗಿದೆ."

ಆಗಸ್ಟ್ 19

ಈ ಕೆಲಸದಲ್ಲಿ ಮೊದಲು ಮಾಡುವುದು, ಯಾರು ಬಾಳುತ್ತಿದ್ದರು ಅನ್ನುವುದನ್ನು ತೆಗೆಯುವುದು. ಬೇರೆಯವರ ಮನೆಗಳಲ್ಲಿ ಒಂದು ಗಂಟೆಯಲ್ಲಿ ಮುಗಿಸಿದ್ದೇನೆ, ಹಾಡು ಹೇಳಿಕೊಂಡು.

ಔಷಧಿ ಡಬ್ಬ. ಡ್ಯೂಟಿ ದಿನಗಳಿಗೆ ಗೆರೆ ಎಳೆದ ಕ್ಯಾಲೆಂಡರ್. ಕೂತು ಕೂತು ಕುಳಿಬಿದ್ದ ಬೆತ್ತದ ಕುರ್ಚಿ. ಒಂದೊಂದನ್ನೂ ಅಕ್ಕನೇ ಎತ್ತಿಕೊಡುತ್ತಿದ್ದಳು. "ಇದೂ ಬೇಡ್ವಾ?" "ಬೇಡ ಅಕ್ಕಾ." "ಇದೂ?" ಮಧ್ಯಾಹ್ನಕ್ಕೆ ಅವಳ ಇಡೀ ಬಾಳು ಏಳು ರಟ್ಟಿನ ಡಬ್ಬದಲ್ಲಿತ್ತು. ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಜಂಬಕ್ಕೆ ನನ್ನ ಅಕ್ಕನನ್ನು ಮಾರಿದೆ. ಇದಕ್ಕೆ ಬೇರೆ ಹೆಸರಿಲ್ಲ.

ಆಗಸ್ಟ್ 21, ಸಂಜೆ 5

ಕೊಳ್ಳುವವರು ಬರುವಾಗ ಮನೆಯವರು ಇರಬಾರದು — ನಾನೇ ಮಾಡಿಕೊಂಡ ನಿಯಮ. ಅಕ್ಕ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದಳು. ಎರಡು ಗಂಟೆ ಹೊತ್ತು. ಬಸ್ಸು ಬಂದಾಗಲೆಲ್ಲ ಹತ್ತುವುದಿಲ್ಲ ಅಂತ ಕೈಯಾಡಿಸುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಗಂಡ ಹೆಂಡತಿ ಬಂದರು. ಹೊಸದಾಗಿ ಮದುವೆಯಾದವರು. ನೋಡಿದರು, ಪಿಸುಗುಟ್ಟಿದರು, ಕೇಳಿದ ಬೆಲೆಗೇ ಒಪ್ಪಿದರು. ಇಡೀ ವರ್ಷದಲ್ಲಿ ಇಷ್ಟು ಬೇಗ ಹೋದ ಮನೆ ಇದೊಂದೇ.

ಅವರು ಹೋದ ಮೇಲೆ ಅಕ್ಕನನ್ನು ಕರೆದೆ. ಕೆಲಸ ಮುಗಿದ ಮೇಲೆ ಅವಳು ನೋಡಿದ್ದು ಇದೇ ಮೊದಲು, ನಿನ್ನೆಯೆಲ್ಲ ಆಸ್ಪತ್ರೆಯಲ್ಲೇ ಇದ್ದಳು. ಬಾಗಿಲಲ್ಲೇ ನಿಂತಳು. ಬಿಳಿ ಪರದೆ, ದೀಪ, ಕನ್ನಡಿಯಲ್ಲಿ ಬಿಸಿಲು.

"ಕೂತ್ಕೋಬಹುದಾ ಪುಟ್ಟೀ?"

ತಲೆಯಾಡಿಸಿದೆ. ಸೋಫಾದ ಅಂಚಿನಲ್ಲಿ ಕೂತಳು, ಕೈಚೀಲ ತೊಡೆಯ ಮೇಲೇ. ಸುಮಾರು ಹೊತ್ತು ಸುತ್ತ ನೋಡಿದಳು.

"ಹೀಗೂ ಇರಬಹುದಿತ್ತಲ್ವಾ ನಾವು?" ಅಂದಳು.

ಅವಳ ತೊಡೆಯ ಮೇಲಿನ ಕೈಚೀಲ ತೆಗೆದು ಪಕ್ಕಕ್ಕಿಟ್ಟೆ.